ಒಂಬತ್ತನೆಯ ಸ್ಥಳದಲ್ಲಿ ಬಿದ್ದ ಏಟು

ನನ್ನ ಅಪ್ಪ ಆರು ವರ್ಷ ಯೇಸುವಿಗೆ ಚಾಟಿ ಬೀಸಿದ. ಈ ಮಾತನ್ನು ನಾನು ನಗುತ್ತ ಹೇಳಬೇಕೆಂದು ನನ್ನ ಗಂಡನ ಆಸೆ. ಮಕ್ಕಳಂತೂ ಕೇಳಿದಾಗಲೆಲ್ಲ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಕೊನೆಯಲ್ಲಿ, ಗರಿಗಳ ಹಬ್ಬಕ್ಕೆ ಒಂದು ವಾರ ಮುಂಚಿನ ಭಾನುವಾರ, ಮುಂಬಯಿಯ ಪಕ್ಕದ ಠಾಣೆಯಲ್ಲಿದ್ದ ನಮ್ಮ ಚರ್ಚಿನ ಜನ ಖಾಡಿ ಎನ್ನುವ ಸಮುದ್ರದ ಹಿನ್ನೀರು ದಾಟಿ, ಕಳವಾ ಹಾದು, ಮುಂಬ್ರಾದ ಆಚೆಯ ಒಂದು ಗುಡ್ಡದ ಮೇಲಿದ್ದ ಕಲ್ಲುಶಿಲುಬೆಯವರೆಗೆ ಬರಿಗಾಲಲ್ಲಿ ನಡೆಯುತ್ತಿದ್ದರು. ದಾರಿಯಲ್ಲಿ ಹದಿನಾಲ್ಕು ಕಡೆ ನಿಂತು, ಯೇಸುವನ್ನು ಶಿಲುಬೆಗೇರಿಸಲು ಕರೆದೊಯ್ದ ಕಥೆಯನ್ನು ವೇಷ ಹಾಕಿ ಆಡಿ ತೋರಿಸಿ, ಪ್ರಾರ್ಥಿಸಿ ಮುಂದಕ್ಕೆ ಹೋಗುತ್ತಿದ್ದರು. ಆ ಒಂದೊಂದು ನಿಲುಗಡೆಗೂ ಸ್ಥಳ ಎಂದು ಹೆಸರು. ಯೇಸುವಿನ ವೇಷ ಯಾವಾಗಲೂ ಬಿಳಿಯ ಮೈಬಣ್ಣದ, ಉದ್ದ ಮೂಗಿನ ಹುಡುಗರಿಗೆ. ಚಾಟಿ ಹಿಡಿದ ಸೈನಿಕನ ವೇಷ ನನ್ನ ಅಪ್ಪನಿಗೆ. ಅವನ ಹೆಸರು ರಾಯಪ್ಪ. ಕಳವಾದ ಒಂದು ಗೋದಾಮಿನಲ್ಲಿ ಲಾರಿಗಳಿಗೆ ಮೂಟೆ ಹೇರುತ್ತಿದ್ದ. ಮೈ ಕಪ್ಪು, ಹೆಗಲು ಅಗಲ, ಕುತ್ತಿಗೆಯ ಹಿಂದೆ ಮೂಟೆ ಹೊತ್ತು ಗಟ್ಟಿಯಾದ ಚರ್ಮದ ಒಂದು ಉಬ್ಬು. ಚರ್ಚಿನ ಹೆಸರು ಬರೆಯುವುದಿಲ್ಲ. ಅಲ್ಲಿ ಈಗ ಇರುವವರು ಬೇರೆ ಜನ.

ನಮ್ಮ ಮನೆ ಕಳವಾದ ಪೂರ್ವಕ್ಕೆ ಗುಡ್ಡದ ಇಳಿಜಾರಿನಲ್ಲಿದ್ದ ಒಂದು ಖೋಲಿ. ರಾಯಚೂರಿನ ಕಡೆಯಿಂದ ಅಪ್ಪ ಅವ್ವ ಮದುವೆಯಾದ ವರ್ಷವೇ ಬಂದು ಅದನ್ನು ಹಿಡಿದಿದ್ದರು. ಒಂದು ಮೂಲೆಯಲ್ಲಿ ಸ್ಟೋವು, ಅದರ ಪಕ್ಕಕ್ಕೆ ಮೊಣಕಾಲೆತ್ತರದ ಕಟ್ಟೆ ಕಟ್ಟಿದ ಮೋರಿ, ಮೋರಿಯ ಮಗ್ಗುಲಲ್ಲಿ ನೀರಿನ ಡ್ರಮ್ಮು. ಎದುರು ಗೋಡೆಯ ಹಲಗೆಯ ಮೇಲೆ ಯೇಸುವಿನ ತಿರುಹೃದಯದ ಪಟ, ಮಾತೆ ಮರಿಯಮ್ಮನ ಚಿಕ್ಕ ಪ್ರತಿಮೆ, ಒಂದು ಕೆಂಪು ಜೀರೋ ಬಲ್ಬು. ವಿಭೂತಿ ಬುಧವಾರ ಬಂತೆಂದರೆ ಅವ್ವ ತನ್ನ ಹಳೆಯ ನೇರಳೆ ಸೀರೆಯ ತುಂಡನ್ನು ಪಟಕ್ಕೂ ಪ್ರತಿಮೆಗೂ ಹೊದಿಸುತ್ತಿದ್ದಳು. ಅಂದಿನಿಂದ ನಲವತ್ತು ದಿನ ಮನೆಯೊಳಗೆ ಬಾಡಿಲ್ಲ, ಮೀನಿಲ್ಲ, ರೇಡಿಯೊ ಇಲ್ಲ. ಬೆಳಿಗ್ಗೆ ರೊಟ್ಟಿ ಮತ್ತು ಪುಂಡಿಪಲ್ಯ, ಸಂಜೆ ರೊಟ್ಟಿ ಮತ್ತು ಬೇಳೆ. ಶುಕ್ರವಾರ ಅವ್ವ ಒಪ್ಪತ್ತು. ಅಪ್ಪ ತಂಬಾಕಿನ ಡಬ್ಬಿಯನ್ನು ಅವ್ವನ ಕೈಗೆ ಕೊಟ್ಟುಬಿಡುತ್ತಿದ್ದ. ಮೊದಲ ವಾರ ಅವನಿಗೆ ತಲೆಶೂಲೆ. ಬಾಗಿಲು ಸದ್ದಾದರೆ ಸಿಡುಕುತ್ತಿದ್ದ, ಆಮೇಲೆ ಸಿಡುಕಿದ್ದಕ್ಕೆ ತಾನೇ ನಾಚಿ ನನ್ನ ಜಡೆ ಹೆಣೆಯಲು ಕೂರುತ್ತಿದ್ದ. ದೀಪ ಹಚ್ಚುವ ಹೊತ್ತಿಗೆ ಮೂವರೂ ಮೊಣಕಾಲೂರಿ ಕನ್ನಡದಲ್ಲಿ ಜಪಸರ ಹೇಳುತ್ತಿದ್ದೆವು. ಚರ್ಚಿನಲ್ಲಿ ಇಂಗ್ಲಿಷು, ಕೊಂಕಣಿ, ಮರಾಠಿ. ಕನ್ನಡದಲ್ಲಿ ದೇವರೊಡನೆ ಮಾತಾಡಲು ನಮಗಿದ್ದ ಜಾಗ ಆ ಖೋಲಿ ಒಂದೇ.

ಚಾಟಿ ಎಂದರೆ ಲಾರಿಯ ಟಾರ್ಪಾಲು ಬಿಗಿಯುವ ಹಗ್ಗ. ಅಪ್ಪ ಅದನ್ನು ಮೂರು ಎಳೆ ಬಿಚ್ಚಿ, ತುದಿಗಳಿಗೆ ಹತ್ತಿ ಸುತ್ತಿ, ಮೇಲೆ ಕಪ್ಪು ಬಟ್ಟೆ ಹೊಲಿದಿದ್ದ. ತಪಸ್ಸು ಕಾಲದ ಭಾನುವಾರಗಳಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಅವನ ಅಭ್ಯಾಸ. ಗೋಣಿಚೀಲಕ್ಕೆ ಹಳೆಬಟ್ಟೆ ತುಂಬಿ ಬಾಗಿಲಿನ ಹೊರಗೆ ನಿಲ್ಲಿಸುತ್ತಿದ್ದ. ಹಗ್ಗ ಗಾಳಿಯಲ್ಲಿ ಛಟ್ಟೆನ್ನಬೇಕು, ನೋಡುವವರ ಮೈ ಜುಮ್ಮೆನ್ನಬೇಕು, ಚೀಲಕ್ಕೆ ಮಾತ್ರ ತಾಗಬಾರದು. ತಾಗಿತೋ ಇಲ್ಲವೋ ಎಂದು ತಿಳಿಯಲು ಚೀಲಕ್ಕೆ ಸುಣ್ಣ ಬಳಿಯುತ್ತಿದ್ದ. ಅದೂ ಸಾಲದೆ ತನ್ನದೇ ಮೀನಖಂಡಕ್ಕೆ ಬೀಸಿಕೊಂಡು, ಎಷ್ಟು ದೂರದಲ್ಲಿ ಕೈ ತಡೆದರೆ ಬರೀ ಗಾಳಿ ತಗಲುತ್ತದೆ ಎಂದು ಲೆಕ್ಕ ಹಾಕುತ್ತಿದ್ದ. ಪ್ರತಿ ವರ್ಷ ಹಬ್ಬಕ್ಕೆ ಮೊದಲು ಅವನ ಕಾಲಮೇಲೆ ಬಾಸುಂಡೆಗಳಿರುತ್ತಿದ್ದವು. ಅವ್ವ ಲೂರ್ದಮ್ಮನಿಗೆ ಆ ಹಗ್ಗ ಕಂಡರಾಗದು. ಪಟವಿದ್ದ ಗೋಡೆಗೆ ಅದನ್ನು ತೂಗಬಿಡಲು ಎಂದೂ ಒಪ್ಪಲಿಲ್ಲ.

"ವರ್ಷಾ ವರ್ಷಾ ದೇವರನ್ನ ಹೊಡಿಯೂ ಕೆಲಸ ನಿನಗ್ಯಾಕ?"

"ನಾ ಎಲ್ಲಿ ಹೊಡೀತೀನಿ? ಗಾಳೀಗ ಹೊಡೀತೀನಿ."

"ನೋಡೋ ಮಂದಿಗಿ ಗಾಳಿ ಕಾಣಸ್ತದೇನು? ನೀ ಕಾಣಸ್ತಿ."

ನೋಡುವ ಮಂದಿಗೆ ಏನು ಕಾಣಿಸುತ್ತಿತ್ತೋ ಅದನ್ನು ಅವರ ಮಕ್ಕಳು ನನಗೆ ಹೇಳುತ್ತಿದ್ದರು. ಭಾನುವಾರದ ಜ್ಞಾನೋಪದೇಶದ ತರಗತಿಯಲ್ಲಿ ನನ್ನ ಹೆಸರು ಫಿಲೋಮಿನಾ ಆಗಿರಲಿಲ್ಲ, "ಜಲ್ಲಾದ್ ಕೀ ಬೇಟಿ" ಆಗಿತ್ತು. ಕೊಲೆಗಡುಕನ ಮಗಳು. ಒಬ್ಬಳ ಕೈಯನ್ನು ನಾನು ಕಚ್ಚಿದೆ. ಟೀಚರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ, ತಪಸ್ಸು ಕಾಲದಲ್ಲಿ ಕೋಪ ದೊಡ್ಡ ಪಾಪ ಎಂದು ಇಡೀ ತರಗತಿಗೆ ವಿವರಿಸಿದರು. ಕಚ್ಚಿಸಿಕೊಂಡವಳು ಅಳುತ್ತ ಕೂತಿದ್ದಳು, ಎಲ್ಲರೂ ಅವಳ ಬೆನ್ನು ಸವರಿದರು. ಇದನ್ನು ನಾನು ಮನೆಯಲ್ಲಿ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಕೈಹಿಟ್ಟು ಕೊಡವಿಕೊಂಡು, ಬರುವ ವರ್ಷ ತಾನೇ ಹೋಗಿ ಕೇಳುತ್ತೇನೆ ಎಂದಳು.

ಕೇಳಿಯೂ ಬಿಟ್ಟಳು. ಆಗ ನನಗೆ ಹನ್ನೆರಡು. ಯಾತ್ರೆಯ ತಯಾರಿಗೆ ಚರ್ಚಿನ ಹಾಲ್‌ನಲ್ಲಿ ಸಭೆ ಕರೆದಿದ್ದರು. ಎಲ್ಲವನ್ನೂ ನಡೆಸುವವರು ವಲೇರಿಯನ್ ಸರ್. ಮಂಗಳೂರಿನ ಕಡೆಯವರು, ಠಾಣೆಯಲ್ಲಿ ಸ್ವಂತ ಫ್ಲ್ಯಾಟು, ಮುಂಬಯಿಯ ಆಫೀಸಿನಲ್ಲಿ ದೊಡ್ಡ ಕೆಲಸ. ನಮ್ಮೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು, ಆದರೆ ಅಪ್ಪನಿಗೆ ಯಾವಾಗಲೂ ಏಕವಚನ. ತಮ್ಮವರ ನಡುವೆ ನಮ್ಮನ್ನು "ಗಟ್ಟದವರು" ಎನ್ನುತ್ತಿದ್ದರು. ಘಟ್ಟದ ಮೇಲಿನವರು ಎಂಬ ಆ ಒಂದು ಮಾತಿನಲ್ಲಿ ನಮ್ಮ ಬಣ್ಣ, ನಮ್ಮ ಕೇರಿ, ನಮ್ಮ ಅಜ್ಜಂದಿರು ಯಾರ ಮನೆಯಲ್ಲಿ ಜೀತಕ್ಕಿದ್ದರು ಎಂಬುದೆಲ್ಲ ಅಡಗಿರುತ್ತಿತ್ತು. ಆ ವರ್ಷ ಯೇಸುವಿನ ವೇಷ ಅವರ ಮಗ ಗ್ಲೆನ್‌ಗೆ ಎಂದು ತೀರ್ಮಾನವಾಯಿತು. ಕಾಲೇಜು ಓದುತ್ತಿದ್ದ, ಮೆತ್ತಗಿನ ಹುಡುಗ. ಅವ್ವ ಹಿಂದಿನ ಸಾಲಿನಿಂದ ಎದ್ದು ನಿಂತಳು.

"ನನ್ನ ಗಂಡ ಯಾಕ ಯೇಸು ಆಗಬಾರದ್ರೀ ಸರ್?"

ಹಾಲ್‌ನಲ್ಲಿ ಹೆಚ್ಚಿನವರಿಗೆ ಅವಳ ಮಾತು ತಿಳಿಯಲಿಲ್ಲ. ವಲೇರಿಯನ್ ಸರ್ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದರು. ಆಗ ಎಲ್ಲರೂ ನಕ್ಕರು. ನಗಲೆಂದೇ ತಿರುಗಿಸಿದ್ದರು.

"ಹಾಗಲ್ಲ ಲೂರ್ದಮ್ಮ. ಪ್ರತಿಯೊಬ್ಬರಿಗೂ ಅವರವರ ಪಾರ್ಟು ಅಂತ ಉಂಟಲ್ಲ. ಯೇಸುವಿಗೆ ಒಂದು ಮುಖ ಬೇಕು. ನೋಡಿದ ಕೂಡ್ಲೆ ಜನಕ್ಕೆ ಭಕ್ತಿ ಬರ್ಬೇಕು. ರಾಯಪ್ಪನ ಬಾಡಿ ಸೈನಿಕನಿಗೇ ಸರಿ."

"ಯೇಸು ಬಡಗಿ ಇದ್ದ ಅಂತ ನೀವಾ ಹೇಳ್ತೀರಿ. ಬಡಗ್ಯಾನ ಮೈ ಹೆಂಗಿರ್ತದ್ರೀ?"

ಈ ಸಲ ಅವರು ಇಂಗ್ಲಿಷಿಗೆ ತಿರುಗಿಸಲಿಲ್ಲ. ಟೈಮಾಯಿತು ಎಂದು ಮುಂದಿನ ವಿಷಯಕ್ಕೆ ಹೋದರು. ಅಪ್ಪ ನೆಲ ನೋಡುತ್ತ ಕೂತಿದ್ದ. ಮನೆಗೆ ಬಂದ ಮೇಲೆ ನಾನು ಕಂಡ ಅತಿ ದೊಡ್ಡ ಜಗಳ ಆಯಿತು. ಅಪ್ಪ ಕೂಗುವವನಲ್ಲ, ಅಂದು ಕೂಗಿದ. ಪಕ್ಕದ ಖೋಲಿಯ ಮರಾಠಿ ಮಾವಶಿ ಬಾಗಿಲಿಗೆ ಬಂದು ನಿಂತಳು.

"ನಿನಗ ಯಾರ ಹೇಳಿದ್ರು ಕೇಳು ಅಂತ? ನಾ ಕೇಳೀನೇನು? ನನಗ ಆ ಪಾರ್ಟ ಬ್ಯಾಡ."

"ಯಾಕ ಬ್ಯಾಡ? ಅಂಜಿಕಿ."

"ಅಂಜಿಕಿ ಅಲ್ಲ. ಚಾಟಿ ಬ್ಯಾರೆಯವರ ಕೈಯಾಗ ಕೊಟ್ರ ಆ ಹುಡುಗಗ ಹತ್ತತದ. ನನ್ನ ಕೈಯಾಗಿದ್ರ ಹತ್ತಂಗಿಲ್ಲ. ಐದು ವರ್ಷದಾಗ ಒಬ್ಬರಿಗಿ ಒಂದ ಗೆರಿ ಬಿದ್ದಿಲ್ಲ. ಅದು ನನಗ ಗೊತ್ತದ, ಯೇಸುಗೂ ಗೊತ್ತದ. ಸಾಕಲ್ಲ."

ಅವ್ವ ಎರಡು ದಿನ ಅವನ ಊಟದ ತಾಟನ್ನು ನನ್ನ ಕೈಯಲ್ಲಿ ಕೊಡಿಸಿದಳು. ನನಗೆ ಅವ್ವನ ಮೇಲೆ ಸಿಟ್ಟು ಬಂದಿತ್ತು, ಅಪ್ಪನನ್ನು ಅಷ್ಟು ಜನರೆದುರು ಸಣ್ಣವನನ್ನಾಗಿ ಮಾಡಿದಳು ಎಂದು. ಅಪ್ಪನ ಮೇಲೂ ಸಿಟ್ಟು ಬಂದಿತ್ತು, ಸಣ್ಣವನಾಗಿ ಕೂತನೆಂದು. ಯಾರ ಮೇಲೆ ಬರಬೇಕಿತ್ತೋ ಅವರ ಮೇಲೆ ಬರಲು ಇನ್ನೂ ಎರಡು ವಾರ ಬೇಕಾಯಿತು.

ಯಾತ್ರೆ ಬೆಳಗಿನ ಪೂಜೆ ಮುಗಿಸಿ ಹೊರಟಿತು. ಮಾರ್ಚ್ ಕೊನೆಯ ಬಿಸಿಲು ಒಂಬತ್ತಕ್ಕೇ ಏರಿತ್ತು. ಅಪ್ಪನಿಗೆ ಕೆಂಪು ಅಂಗಿ, ತಗಡಿನ ಟೋಪಿ. ಗ್ಲೆನ್‌ಗೆ ಬಿಳಿ ನಿಲುವಂಗಿ, ಮುಳ್ಳಿನ ಕಿರೀಟ. ಅಂಗಿಯ ಬೆನ್ನ ಮೇಲೆ ವಲೇರಿಯನ್ ಸರ್ ತಾವೇ ಬ್ರಷ್ಷು ಹಿಡಿದು ಕೆಂಪು ಬಣ್ಣದ ಗೆರೆಗಳನ್ನು ಎಳೆದಿದ್ದರು. ಆ ವರ್ಷದ ಶಿಲುಬೆ ಹೊಸದು, ತೇಗದ್ದು, ಭಾರದ್ದು. ಅದು ಹಗುರಾದದ್ದಾಗಲಿ ಎಂದು ಅಪ್ಪ ಹೇಳಿ ನೋಡಿದ್ದ, ಯಾರೂ ಕೇಳಿರಲಿಲ್ಲ. ಮುಂಬ್ರಾದ ಬಜಾರಿನಲ್ಲಿ ಮುಸ್ಲಿಂ ಅಂಗಡಿಯವರು ಎಂದಿನಂತೆ ಡ್ರಮ್ಮಿನಲ್ಲಿ ಐಸು ಹಾಕಿದ ಶರಬತ್ತು ಇಟ್ಟು ಎಲ್ಲರಿಗೂ ಕುಡಿಸಿದರು. ಗ್ಲೆನ್ ಮಾತ್ರ ಕುಡಿಯಲಿಲ್ಲ. ಗುಡ್ಡದ ಮೇಲೆ ತಲುಪುವವರೆಗೆ ಉಪವಾಸ ಎಂದು ತಂದೆ ಹೇಳಿದ್ದರಂತೆ. ಟೋಪಿ ಹೊಲಿಯುವ ಒಬ್ಬ ಮುದುಕ ಅಪ್ಪನ ಕೈಗೆ ಲೋಟ ಕೊಡುತ್ತ, "ಅರೆ ಭಾಯಿ, ಲಡಕಾ ಥಕ್ ಗಯಾ ಹೈ, ಉಸಕೋ ಭೀ ಪಿಲಾವೋ" ಎಂದ, ಹುಡುಗ ದಣಿದಿದ್ದಾನೆ, ಅವನಿಗೂ ಕುಡಿಸು ಎಂದು. ಅಪ್ಪ ಗ್ಲೆನ್‌ನ ಮುಖ ನೋಡಿದ, ಹಿಂದೆ ಮೈಕು ಹಿಡಿದು ಬರುತ್ತಿದ್ದ ವಲೇರಿಯನ್ ಸರ್ ಕಡೆ ನೋಡಿದ, ಲೋಟ ವಾಪಸು ಕೊಟ್ಟ.

ಗುಡ್ಡದ ಏರು ಶುರುವಾಗುವಲ್ಲಿ ಒಂಬತ್ತನೆಯ ಸ್ಥಳ. ಅಲ್ಲಿ ಯೇಸು ಮೂರನೆಯ ಬಾರಿ ಬೀಳುತ್ತಾನೆ. ಸೈನಿಕ ಎರಡು ಸಲ ಚಾಟಿ ಬೀಸಬೇಕು, ಎರಡನೆಯ ಸದ್ದಿಗೆ ಯೇಸು ಏಳಬೇಕು. ಗ್ಲೆನ್ ಬಿದ್ದ. ಅಪ್ಪ ಒಂದು ಸಲ ಬೀಸಿದ, ಛಟ್. ಎರಡನೆಯ ಸಲ ಬೀಸಿದ. ಹುಡುಗ ಏಳಲಿಲ್ಲ. ಹೆಂಗಸರು ಅಳುತ್ತಿದ್ದರು, ಆಟ ಬಹಳ ಚೆನ್ನಾಗಿದೆ ಎಂದು ಎಲ್ಲರೂ ತಿಳಿದಿದ್ದರು. ಮೊದಲು ಗೊತ್ತಾದದ್ದು ಅಪ್ಪನಿಗೆ. ಹಗ್ಗ ಎಸೆದ, ಶಿಲುಬೆಯನ್ನು ಒಂದೇ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟ, ಗ್ಲೆನ್‌ನನ್ನು ಎದೆಗೆ ಎತ್ತಿಕೊಂಡು ನೆರಳಿಗೆ ಓಡಿದ. ತನ್ನ ತಗಡಿನ ಟೋಪಿಯಲ್ಲಿ ನೀರು ತರಿಸಿ ಅವನ ತಲೆಗೆ ಸುರಿದ. ನೀರು ಬಿದ್ದು ಬೆನ್ನಿನ ಬಣ್ಣ ಕರಗಿ ಅಪ್ಪನ ಕೈಗೆಲ್ಲ ಕೆಂಪು ಹತ್ತಿತು. ಅಷ್ಟರಲ್ಲಿ ವಲೇರಿಯನ್ ಸರ್ ಜನರನ್ನು ಸರಿಸಿಕೊಂಡು ಬಂದರು. ಕೆಂಪು ಕೈ ನೋಡಿದರು. ಬೆಳಿಗ್ಗೆ ತಾವೇ ಎಳೆದ ಬಣ್ಣ ಅದು.

"ಕುಡ್ದು ಬಂದಿದ್ದೀಯಾ? ಪ್ರಾಣಿ. ನನ್ನ ಮಗನನ್ನು ಕೊಲ್ತೀಯಾ?"

ಎಂದು ಅಪ್ಪನ ಎಡಗೆನ್ನೆಗೆ ಬಾರಿಸಿದರು.

ಆ ಸದ್ದು ಚಾಟಿಯ ಸದ್ದಿನಷ್ಟು ದೊಡ್ಡದಿರಲಿಲ್ಲ. ಆದರೆ ಮುನ್ನೂರು ಜನರಿಗೂ ಕೇಳಿಸಿತು. ಅಪ್ಪ ಕೂತಲ್ಲೇ ಇದ್ದ, ಗ್ಲೆನ್‌ನ ತಲೆ ಅವನ ತೊಡೆಯ ಮೇಲಿತ್ತು, ಒಂದು ಕೈ ಅದನ್ನು ಹಿಡಿದೇ ಇತ್ತು. ಒಂದು ತಿಂಗಳಿಂದ ತಂಬಾಕನ್ನೂ ಮುಟ್ಟದ ಮನುಷ್ಯ. ನನಗೆ ಆಗ ಏನಾಯಿತೋ ತಿಳಿಯದು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಚೆನ್ನಾಗಿ ತಿಳಿದೇ ಮಾಡಿದೆ. ದಾರಿಯಲ್ಲಿ ಬಿದ್ದಿದ್ದ ಚಾಟಿಯನ್ನು ಎತ್ತಿಕೊಂಡು ವಲೇರಿಯನ್ ಸರ್ ಕಾಲಿಗೆ ಬೀಸಿದೆ. ತಾಗದಂತೆ ಬೀಸುವ ವಿದ್ಯೆ ಅಪ್ಪನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ತಾಗುವಂತೆಯೇ ಬೀಸುತ್ತಿದ್ದೆ. ಎರಡನೆಯ ಸಲ ಎತ್ತಿದಾಗ ಯಾರೋ ಹಿಂದಿನಿಂದ ಹಿಡಿದುಕೊಂಡರು.

ಗ್ಲೆನ್ ಕಣ್ಣು ಬಿಟ್ಟ. ಕೊಂಕಣಿಯಲ್ಲಿ ತಂದೆಗೆ ಹೇಳಿದ, ಅಂಕಲ್ ಚಾಟಿ ತನಗೆ ತಾಗಲೇ ಇಲ್ಲ, ತನಗೆ ತಲೆ ತಿರುಗಿತು ಎಂದು. ಎರಡು ಸಲ ಹೇಳಿದ. ವಲೇರಿಯನ್ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಅಷ್ಟೇ. ಜೊತೆಗಿದ್ದ ಫಾದರ್ ಹೊಸಬರು, ಚಿಕ್ಕವರು. ಪ್ರಾರ್ಥನೆ ನಿಲ್ಲುವುದು ಬೇಡ ಎಂದಷ್ಟೇ ಹೇಳಿದರು. ಕಮಿಟಿಯ ಇಬ್ಬರು ಶಿಲುಬೆ ಎತ್ತಲು ಹೋಗಿ ಹತ್ತು ಹೆಜ್ಜೆಗೆ ಇಳಿಸಿಬಿಟ್ಟರು. ಆಗ ವಲೇರಿಯನ್ ಸರ್ ಅಪ್ಪನತ್ತ ತಿರುಗಿ ಅಂದರು:

"ರಾಯಪ್ಪ, ನೀನೇ ಎತ್ತು."

ಅಪ್ಪ ಎದ್ದ. ಅವ್ವ ಅವನೆದುರು ಬಂದು ನಿಂತಳು.

"ಮೊದಲ ಅವರು ಮಾಫಿ ಕೇಳಲಿ. ಆಮ್ಯಾಲ ಎತ್ತು."

"ದಾರಿ ಬಿಡು, ಲೂರ್ದು."

"ಬಿಡಂಗಿಲ್ಲ. ಹೊಡದ ಕೈಲೆ ಹೊರಸ್ತಾನ, ನೀ ಹೊರ್ತಿ?"

"ಅವರು ಹೇಳಿದ್ರಂತ ಹೊರಾಕತ್ತಿಲ್ಲ. ಬಿಸಿಲಾಗ ಮಣ್ಣಾಗ ಬಿದ್ದದ. ನನ್ನ ಕೈಲೆ ನೋಡಾಕ ಆಗವಲ್ದು."

ಅವ್ವ ಪಕ್ಕಕ್ಕೆ ಸರಿದು, ರಸ್ತೆಬದಿಯ ಕಲ್ಲಿನ ಮೇಲೆ ಕೂತುಬಿಟ್ಟಳು. ಅಪ್ಪ ಬಗ್ಗಿ ಶಿಲುಬೆಯನ್ನು ಬೆನ್ನಿಗೆ ತಗೊಂಡ. ನಾಟಕದಲ್ಲಿ ಹೊರುವಂತೆ ಒಂದು ಹೆಗಲಿಗೆ ಒರಗಿಸಿಕೊಳ್ಳಲಿಲ್ಲ, ಗೋದಾಮಿನಲ್ಲಿ ಅಕ್ಕಿಮೂಟೆ ಹೊರುವಂತೆ ಕತ್ತಿನ ಹಿಂದಿನ ಉಬ್ಬಿನ ಮೇಲೆ ಸಮಕ್ಕೆ ಕೂರಿಸಿ, ಕೆಂಪು ಅಂಗಿಯಲ್ಲೇ ಏರು ಹತ್ತಿದ. ಅವ್ವ ನನ್ನ ಕೈ ಹಿಡಿದು ಮುಂಬ್ರಾ ಸ್ಟೇಷನ್ನಿಗೆ ನಡೆದಳು. ನಾವು ಲೋಕಲ್ ರೈಲು ಹಿಡಿದು ಮನೆಗೆ ಬಂದೆವು. ಗುಡ್ಡದ ಮೇಲೆ ನಡೆದದ್ದನ್ನು ಆಮೇಲೆ ನಮ್ಮ ಸಾಲಿನ ಖೋಲಿಯ ಹೆಂಗಸೊಬ್ಬಳು ಹೇಳಿದಳು. ಮೇಲೆ ತಲುಪಿದ ಕೂಡಲೆ ಅಪ್ಪನ ಬೆನ್ನಿಂದ ಶಿಲುಬೆ ಇಳಿಸಿಕೊಂಡು, ಇನ್ನೊಬ್ಬ ಬೆಳ್ಳಗಿನ ಹುಡುಗನಿಗೆ ಗ್ಲೆನ್‌ನ ನಿಲುವಂಗಿ ತೊಡಿಸಿ, ಅವನನ್ನು ಅದಕ್ಕೆ ಕಟ್ಟಿ, ಫೋಟೊ ತೆಗೆದರಂತೆ. ಅಪ್ಪನನ್ನು ಫೋಟೊದ ಅಂಚಿನಿಂದ ಸರಿಯಲು ಹೇಳಿದರಂತೆ.

ಮನೆಗೆ ಬಂದ ಅಪ್ಪ ಸ್ನಾನ ಮಾಡಿ, ಊಟಕ್ಕೆ ಕೂತು, ನಾಳೆ ಸಂಜೆ ವಲೇರಿಯನ್ ಸರ್ ಮನೆಗೆ ಹೋಗಬೇಕು, ಫಿಲೋ ಕ್ಷಮೆ ಕೇಳಬೇಕು ಎಂದ. ಅವ್ವ ತವೆಯ ಮೇಲಿದ್ದ ರೊಟ್ಟಿಯನ್ನು ಹಾಗೇ ಬಿಟ್ಟಳು, ಅದು ಸೀದು ಖೋಲಿಯೆಲ್ಲ ಹೊಗೆಯಾಯಿತು. ಅಪ್ಪ ಮಾತು ಬದಲಿಸಲಿಲ್ಲ. ಮರುದಿನ ನನಗೆ ಹಬ್ಬದ ಫ್ರಾಕು ಹಾಕಿಸಿ ಠಾಣೆಗೆ ಕರೆದುಕೊಂಡು ಹೋದ. ನಾನು ಮೊದಲ ಬಾರಿ ಲಿಫ್ಟು ಹತ್ತಿದ್ದು ಆ ದಿನ. ಅವರ ಮನೆಯ ಹೆಂಗಸು ನನಗೆ ಕೇಕು, ಜ್ಯೂಸು ತಂದಿಟ್ಟಳು. ನಾನು ಎರಡನ್ನೂ ಮುಟ್ಟಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ಅಪ್ಪ ಕಾದ, ನನ್ನ ಬೆನ್ನು ತಟ್ಟಿದ, ಮತ್ತೆ ಕಾದ. ಕೊನೆಗೆ ಸೋಫಾದ ಅಂಚಿನಿಂದ ಎದ್ದು, ಕೈ ಜೋಡಿಸಿ ತಾನೇ ಕೇಳಿದ.

"ಸಣ್ಣ ಹುಡುಗಿ ಸರ್. ತಪ್ಪಾತು. ಅಕಿ ಪರವಾಗಿ ನಾ ಕೇಳ್ತೀನಿ."

"ಪರ್ವಾಗಿಲ್ಲ, ಪರ್ವಾಗಿಲ್ಲ. ಮಕ್ಕಳು. ನಾನು ಅದನ್ನೆಲ್ಲ ಮನಸ್ಸಿನಲ್ಲಿ ಇಟ್ಕೊಳ್ಳೋದಿಲ್ಲ."

ಒಳಗಿನ ಕೋಣೆಯಿಂದ ಗ್ಲೆನ್ ಬಂದು ಬಾಗಿಲಲ್ಲಿ ನಿಂತ. "ಸಾರಿ ಅಂಕಲ್" ಎಂದ, ನಿಧಾನವಾಗಿ, ಅಪ್ಪನ ಕಣ್ಣು ನೋಡಿ. ತಂದೆ ಅವನಿಗೆ ಒಳಗೆ ಹೋಗಿ ಮಲಗು ಎಂದರು. ಆ ಮನೆಯಲ್ಲಿ ಕ್ಷಮೆ ಕೇಳಬೇಕಾದವರು ಒಬ್ಬರೇ ಇದ್ದರು, ಅವರು ನಮ್ಮನ್ನು ಕ್ಷಮಿಸಿ ಕಳಿಸಿದರು. ರೈಲಿನಲ್ಲಿ ಠಾಣೆಯಿಂದ ಕಳವಾ ಐದು ನಿಮಿಷ. ಬಾಗಿಲ ಹತ್ತಿರ ಕಂಬ ಹಿಡಿದು ನಿಂತು ನಾನು ಕೇಳಿದೆ.

"ಅವರು ಹೊಡದಿದ್ದು ತಪ್ಪಲ್ಲೇನು?"

"ತಪ್ಪದ. ಅವರದು ಅವರು ಕೇಳಬೇಕು. ನಮ್ಮನಿದು ನಾ ಕೇಳಿ ಬಂದೆ."

"ಅವರು ಕೇಳಂಗಿಲ್ಲ."

"ಕೇಳದಿದ್ರ ಅದು ಅವರ ಹಂತ್ಯಾಕ ಇರ್ತದ. ನಮ್ಮ ಹಂತ್ಯಾಕ ಇಲ್ಲ."

ಈ ಮಾತನ್ನು ನಾನು ಇಂದಿಗೂ ಒಪ್ಪಿಲ್ಲ. ಅಪ್ಪನ ದೊಡ್ಡತನ ಎಂದು ನಮ್ಮವರೆಲ್ಲ ಹೊಗಳಿದ ಆ ಗುಣವನ್ನು ನಾನು ದ್ವೇಷಿಸುತ್ತ ಬೆಳೆದೆ. ಆ ತಪ್ಪು ಅವರ ಬಳಿ ಉಳಿಯಲಿಲ್ಲ, ನಮ್ಮ ಖೋಲಿಯಲ್ಲೇ ಉಳಿಯಿತು, ಅವ್ವನ ಮೌನದಲ್ಲಿ, ನನ್ನ ಹಲ್ಲುಗಳ ನಡುವೆ. ಮುಂದಿನ ವರ್ಷ ಸೈನಿಕನ ವೇಷಕ್ಕೆ ಜಾರ್ಖಂಡದಿಂದ ಹೊಸದಾಗಿ ಬಂದಿದ್ದ ಒಬ್ಬ ಕಪ್ಪು ಕೂಲಿಯವನನ್ನು ಹಿಡಿದರು. ಅಪ್ಪ ಯಾತ್ರೆಯ ಕೊನೆಯಲ್ಲಿ ಒಬ್ಬನೇ ನಡೆದ, ತೀರಿಕೊಳ್ಳುವ ಹಿಂದಿನ ವರ್ಷದವರೆಗೂ ನಡೆದ. ಅವ್ವ ಮತ್ತೆಂದೂ ಹೋಗಲಿಲ್ಲ. ನಾನು ಎಲ್ಲಿ ಕೆಲಸ ಮಾಡಿದರೂ ಜಗಳಗಂಟಿ ಎನಿಸಿಕೊಂಡೆ. ಈಗ ನಾನು ಕಲಿಸುವ ಶಾಲೆಯ ಸ್ಟಾಫ್ ರೂಮಿನಲ್ಲಿ ಆಯಾಗಳಿಗೆ ಯಾರಾದರೂ ಏಕವಚನ ಹಚ್ಚಿದರೆ ಎದ್ದು ನಿಲ್ಲುವವಳು ನಾನು.

ಅಪ್ಪ ಎರಡು ವರ್ಷದ ಹಿಂದೆ ಡೊಂಬಿವಲಿಯ ನಮ್ಮ ಮನೆಯಲ್ಲಿ ತೀರಿಕೊಂಡ. ಮಣ್ಣು ಮಾಡಿ ಬಂದ ಮೂರನೆಯ ದಿನ ವಲೇರಿಯನ್ ಸರ್ ಬಂದರು. ಎಂಬತ್ತರ ಮುದುಕ, ಕೈಯಲ್ಲಿ ಕೋಲು, ಜೊತೆಗೆ ಡ್ರೈವರು. ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದರು:

"ನಿನ್ನ ಅಪ್ಪ ದೇವರಂಥ ಮನುಷ್ಯ, ಮಗಾ. ಒಂದು ದಿನ ಎದುರು ಮಾತಾಡಿದವನಲ್ಲ."

ನಾನು ಅವರ ಕೈಯನ್ನು ತಲೆಯಿಂದ ತೆಗೆದೆ.

"ನೀವು ಅವನಿಗೆ ಹೊಡೆದಿರಿ, ಸರ್. ಮುನ್ನೂರು ಜನರ ಎದುರು."

ಅವರು ನನ್ನನ್ನೇ ನೋಡಿದರು. ಸುಳ್ಳು ಹೇಳುವವರ ಮುಖ ನನಗೆ ಗೊತ್ತು. ದಿನಾ ಮಕ್ಕಳ ನಡುವೆ ಇರುವವಳು ನಾನು. ಅದು ಸುಳ್ಳು ಹೇಳುವ ಮುಖವಾಗಿರಲಿಲ್ಲ.

"ನಾನಾ? ಯಾವಾಗ? ನನಗೆ ನೆನಪಿಲ್ಲವಲ್ಲ."

ಮೂವತ್ತೈದು ವರ್ಷ ನಾನು ಹೊತ್ತುಕೊಂಡು ತಿರುಗಿದ್ದು ಆ ಮನುಷ್ಯನ ತಲೆಯಲ್ಲಿ ಎಲ್ಲೂ ಇರಲೇ ಇಲ್ಲ. ಏನು ಹೇಳುತ್ತಿದ್ದೆನೋ, ಅಷ್ಟರಲ್ಲಿ ಅವ್ವ ಅಡಿಗೆಮನೆಯಿಂದ ಬಂದಳು. ಪ್ಲಾಸ್ಟಿಕ್ ಕುರ್ಚಿಯನ್ನು ಅವರ ಹಿಂದಕ್ಕೆ ಎಳೆದಿಟ್ಟಳು.

"ನಮಗ ನೆನಪದ. ಕೂಡ್ರಿ, ಹೇಳ್ತೀವಿ."

ಅವರು ಕೂತರು. ಅವ್ವ ಎದುರಿಗೆ ನೆಲದ ಮೇಲೆ ಕೂತು ಹಾಲ್‌ನ ಸಭೆಯಿಂದ ಹಿಡಿದು ಲಿಫ್ಟಿನ ಮನೆಯವರೆಗೆ ಒಂದೊಂದನ್ನೂ ಹೇಳಿದಳು, ದನಿ ಏರಿಸದೆ. ನಾನು ಬಿಟ್ಟುಹೋದದ್ದನ್ನು ಸೇರಿಸಿದೆ. ಅವರು ಎರಡು ಸಲ ಎದ್ದುಹೋಗಲು ನೋಡಿದರು, ಅವ್ವ "ಇನ್ನೂ ಅದ" ಎಂದಳು, ಅವರು ಮತ್ತೆ ಕೂತರು. ಎಲ್ಲ ಮುಗಿದ ಮೇಲೆ ಕೋಲಿನ ಹಿಡಿ ಸವರುತ್ತ ಕೇಳಿದರು:

"ಈಗ ನಾನು ಏನು ಮಾಡ್ಬೇಕು, ಲೂರ್ದಮ್ಮ?"

"ಏನೂ ಬ್ಯಾಡ್ರೀ. ನೆನಪ ಇಟಗೋರಿ."

ಡ್ರೈವರು ಅವರನ್ನು ಹಿಡಿದು ಕೆಳಗಿಳಿಸಿದ. ಅವ್ವ ಕುರ್ಚಿಯನ್ನು ಒರೆಸಿ ಗೋಡೆಗೆ ಸೇರಿಸಿ, ಅಕ್ಕಿ ಆರಿಸಲು ಕೂತಳು. ಅವಳಿಗೆ ಅಷ್ಟು ಸಾಕಾಗಿತ್ತು. ನನಗೆ ಸಾಕಾಗಿಲ್ಲ.